ಚ ಕೆಳಗಿನ ಚುಕ್ಕೆ

ನಮ್ಮ ದೊಡ್ಡಪ್ಪನ ಭಜನೆ ಪುಸ್ತಕದಲ್ಲಿ ಕೆಲವು ಚ ಅಕ್ಷರಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಇಟ್ಟ ಒಂದು ಚುಕ್ಕೆ ಇತ್ತು. ಸಾಸಿವೆ ಕಾಳಿಗಿಂತ ಚಿಕ್ಕದು. ಒಂದು ಸಾಲಿನಲ್ಲಿ ಮೂರು ಚ ಇದ್ದರೆ ಒಂದಕ್ಕೆ ಮಾತ್ರ ಇರುತ್ತಿತ್ತು. ಚಿಕ್ಕಂದಿನಿಂದ ಆ ಪುಸ್ತಕ ನೋಡಿದ್ದೇನೆ. ಆ ಚುಕ್ಕೆ ಯಾಕೆ ಅಂತ ಒಂದು ಸಲವೂ ಕೇಳಲಿಲ್ಲ. ಪೆನ್ಸಿಲ್ ತಾಗಿ ಆದ ಗುರುತು ಅಂದುಕೊಂಡಿದ್ದೆ.

ಕಳೆದ ಧನುರ್ಮಾಸದಲ್ಲಿ ತಮ್ಮನ ಮಗಳು ನಾನು ಟೈಪ್ ಮಾಡಿಕೊಟ್ಟ ಹಾಳೆ ಹಿಡಿದು ಒಂದು ಪದ ಹಾಡಿದಳು. ಹತ್ತು ವರ್ಷದ ಹುಡುಗಿ, ಒಳ್ಳೆಯ ಕಂಠ. ಮೊದಲ ಚರಣ ಮುಗಿಯುವುದರೊಳಗೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬಂತು. 'ಅದು ಚಾಲು ಅಲ್ಲಮ್ಮ, ತ್ಸಾಲು. ಯಾರು ಹೇಳಿಕೊಟ್ಟರು ಹಾಗೆ?' ಹುಡುಗಿ ಹಾಳೆ ನೋಡಿದಳು. ನನ್ನ ಮುಖ ನೋಡಿದಳು. ಹಾಳೆಯಲ್ಲಿ ಬರೀ ಚ ಇತ್ತು. ಆಗ ಹೊಳೆಯಿತು, ಆ ಚುಕ್ಕೆ ಏನಕ್ಕೆ ಅಂತ.

ನಮ್ಮ ಚಿಂತಾಮಣಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಾಡು ತೆಲುಗಿನದು, ಬರೆಯುವುದು ಕನ್ನಡ ಅಕ್ಷರದಲ್ಲಿ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಎಲ್ಲಿ ಹೋದರೂ ಹಳೆಯ ಭಜನೆ ಪುಸ್ತಕಗಳು ಹೀಗೆಯೇ. ಬಳೆ ಮಾರುತ್ತಿದ್ದ ಕೈವಾರದ ತಾತಯ್ಯನವರೂ ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರಲ್ವಾ? ತೆಲುಗಿನಲ್ಲಿ ಚ ಗೆ ಎರಡು ಉಚ್ಚಾರ ಇದೆ. 'ಹೇಳು' ಅನ್ನುವ ಚೆಪ್ಪು ನಮ್ಮ ಚ ಹಾಗೆಯೇ. 'ಸಾಕು' ಅನ್ನುವ ಚಾಲು, 'ನೋಡು' ಅನ್ನುವ ಚೂಡು ಬಂದರೆ ನಾಲಿಗೆ ಹಲ್ಲಿಗೆ ತಾಗಿ ತ್ಸ ಆಗುತ್ತದೆ. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದ ದೊಡ್ಡಪ್ಪ ತಾವೇ ಒಂದು ದಾರಿ ಮಾಡಿಕೊಂಡಿದ್ದರು. ಒಂದು ಚುಕ್ಕೆ ಇಟ್ಟರು.

ಅದು ನಾನು ಮಾಡಿದ ಸ್ಕ್ಯಾನಿನಲ್ಲಿ ಇಲ್ಲ. ಒಂದು ಪುಟದಲ್ಲೂ ಇಲ್ಲ.

ಆ ಮಧ್ಯಾಹ್ನ ಏನಾಯಿತು

ಪುಸ್ತಕ ಅಂದರೆ ಉದ್ದನೆಯ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ಬೆನ್ನು. ಮೊದಲ ಪುಟದಲ್ಲಿ 'ಶ್ರೀರಾಮ', ಅದರ ಕೆಳಗೆ ದೊಡ್ಡಪ್ಪನ ಹೆಸರು, ಊರು, 'ಚಿಂತಾಮಣಿ ತಾಲ್ಲೂಕು, ಕೋಲಾರ ಜಿಲ್ಲೆ'. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಇರಲಿಲ್ಲ, ಅದು ಆದದ್ದು 2007ರಲ್ಲಿ. ಮೂಲೆಯಲ್ಲಿ 'ಆನಂದನಾಮ ಸಂವತ್ಸರ ಯುಗಾದಿ' ಅಂತ ಇದೆ. ಅಂದರೆ 1974. ಒಳಗೆ ನೂರೆಪ್ಪತ್ತು ಚಿಲ್ಲರೆ ಪದಗಳು. ಪಲ್ಲವಿಗೆ ಪ, ಚರಣಗಳಿಗೆ ಕನ್ನಡ ಅಂಕಿ. ಮೇಲೆ ನೀಲಿ ಶಾಯಿಯಲ್ಲಿ ಯಾವ ಮಟ್ಟು ಅನ್ನುವುದು. ಇದಿಷ್ಟು ಶಾಯಿಯ ಕೆಲಸ. ಪೆನ್ಸಿಲ್ಲಿನ ಕೆಲಸ ಬೇರೆ. ಎಲ್ಲಿ ಎಳೆಯಬೇಕೋ ಅಲ್ಲಿ ಅಕ್ಷರದ ಮೇಲೆ ಒಂದು ಅಡ್ಡಗೆರೆ. ಎಲ್ಲಿ ಮೇಳದವರು ಎತ್ತಿಕೊಳ್ಳಬೇಕೋ ಅಲ್ಲಿ ಸಣ್ಣ ಕೊಕ್ಕೆ. ಕೆಲವು ಪುಟದಂಚಿನಲ್ಲಿ ಯಾರದೋ ಹೆಸರು. ಆ ಪದವನ್ನು ಹಾಡುತ್ತಿದ್ದವರು, ಅಥವಾ ಅವರಿಗೆ ಹೇಳಿಕೊಟ್ಟವರು.

ದೊಡ್ಡಪ್ಪ ಹೋಗಿ ನಾಲ್ಕು ವರ್ಷವಾಯಿತು. ಅವರ ವರ್ಷದ ತಿಥಿ ಮುಗಿದ ಮಾರನೇ ದಿನ ಪುಸ್ತಕವನ್ನು ಜಗಲಿ ಮೇಲೆ ಇಟ್ಟುಕೊಂಡು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದೆ. ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿದವಳು ದೀಪ ಹಚ್ಚುವ ಹೊತ್ತಿಗೆ ಮುಗಿಸಿದೆ. ಆ್ಯಪ್ ತಾನೇ ಪುಟದ ಅಂಚು ಹಿಡಿದು ಕತ್ತರಿಸುತ್ತಿತ್ತು. ಎಣ್ಣೆ ಕಲೆ, ಕುಂಕುಮದ ಗುರುತು ಎಲ್ಲ ತೆಗೆದು ಬೆಳ್ಳಗೆ ಮಾಡಿಕೊಡುತ್ತಿತ್ತು. ಎಷ್ಟು ಚೆನ್ನಾಗಿ ಬಂತು ಅಂದರೆ ಪ್ರಿಂಟ್ ಪುಸ್ತಕದ ಹಾಗೆ ಕಾಣಿಸಿತು. ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಎಲ್ಲರೂ ಕೈ ಮುಗಿದರು.

ಕಪ್ಪು-ಬಿಳುಪು ಸ್ಕ್ಯಾನ್ ಮಾಡುವುದು ಇಷ್ಟೇ: ಒಂದು ಮಟ್ಟಕ್ಕಿಂತ ಕಪ್ಪಾಗಿರುವುದೆಲ್ಲ ಶಾಯಿ, ಉಳಿದದ್ದೆಲ್ಲ ಕಾಗದ. ನಡುವಿನದು ಅದಕ್ಕೆ ಗೊತ್ತಿಲ್ಲ. ಐವತ್ತು ವರ್ಷದ ಪೆನ್ಸಿಲ್ ಗೆರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಹಳದಿಯಾದ ಹಾಳೆಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಹೇಗೋ ಉಳಿದ ಒಂಟಿ ಚುಕ್ಕೆಯನ್ನು ಧೂಳು ಅಂತ ಒರೆಸಿಬಿಡುತ್ತದೆ. ಅಂಚು ಕತ್ತರಿಸುವಾಗ ಅಂಚಿನ ಹೆಸರುಗಳೂ ಹೋದವು. ಕಲರ್ ಅಂತ ಇನ್ನೊಂದು ಗುಂಡಿ ಅಲ್ಲೇ ಪಕ್ಕದಲ್ಲಿತ್ತು. ಫೈಲು ದೊಡ್ಡದಾಗುತ್ತದೆ ಅಂತ ಅದನ್ನು ಒತ್ತಲಿಲ್ಲ.

ಪುಸ್ತಕ ಇದ್ದರೆ ಮತ್ತೆ ಸ್ಕ್ಯಾನ್ ಮಾಡಬಹುದಿತ್ತು. ಆದರೆ ಸ್ಕ್ಯಾನ್ ಆಯಿತಲ್ಲ ಅನ್ನುವ ಧೈರ್ಯ ನಮ್ಮೆಲ್ಲರಿಗೂ ಬಂದುಬಿಟ್ಟಿತ್ತು. ದೊಡ್ಡಪ್ಪ ಇದ್ದಾಗ ಅದು ದೇವರ ಗೂಡಿನಲ್ಲಿ ಇರುತ್ತಿತ್ತು, ವಾರಕ್ಕೊಮ್ಮೆ ಯಾರಾದರೂ ತೆಗೆಯುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಚೀಲ ಸೇರಿ ಅಟ್ಟಕ್ಕೆ ಹೋಯಿತು. ಎರಡನೇ ಮಳೆಗಾಲಕ್ಕೆ ಗೆದ್ದಲು ಹಿಡಿಯಿತು. ಹಿಂದಿನ ನಲವತ್ತು ಪುಟಗಳ ಅರ್ಧ ಭಾಗ ಈಗ ಮಣ್ಣು. ಐವತ್ತು ವರ್ಷ ಕೈಯಿಂದ ಕೈಗೆ ಹೋಗಿಯೂ ಉಳಿದಿದ್ದ ಪುಸ್ತಕ, ಭದ್ರವಾಯಿತು ಅಂತ ನಾವು ಅಂದುಕೊಂಡ ಮೇಲೆ ಎರಡು ವರ್ಷ ಬಾಳಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಕಲ್ಲಿನಿಂದ ಕಲಿಯುವುದು

ಯಂತ್ರದ ತಪ್ಪು ಅಂತ ನಾನು ಹೇಳುವುದಿಲ್ಲ. ಅದೇ ತಂತ್ರಜ್ಞಾನ ಉಲ್ಟಾ ಕೆಲಸವನ್ನೂ ಮಾಡುತ್ತದೆ. ನಮ್ಮ ಜಿಲ್ಲೆಗಳ ಹೊಲಗಳಲ್ಲಿ, ಕೆರೆ ಏರಿಗಳಲ್ಲಿ ವೀರಗಲ್ಲುಗಳು, ಶಾಸನಗಳು ಎಷ್ಟಿವೆ! ಬಿ. ಎಲ್. ರೈಸ್ ಅವರು ಊರೂರಿನ ಶಾಸನಗಳನ್ನು ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟವನ್ನು 1905ರಲ್ಲಿ ಹೊರತಂದರು. ಹಿಂದಿನಿಂದ ಬಂದ ಪದ್ಧತಿ ಅಂದರೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಬಳಿದು ಅಚ್ಚು ತೆಗೆಯುವುದು. ಸವೆದ ಅಕ್ಷರ ಅದರಲ್ಲಿ ಸರಿಯಾಗಿ ಬರುವುದು ಕಷ್ಟ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲಿನ ತಗ್ಗು-ಉಬ್ಬು ಕೂದಲೆಳೆಯಷ್ಟು ಸಣ್ಣದಿದ್ದರೂ ಅಳತೆಯಾಗಿ ಉಳಿಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಬರಿಗಣ್ಣಿಗೆ ಕಾಣದ ಅಕ್ಷರ ಏಳುತ್ತದೆ.

ಅಲ್ಲಿ ಕೂತವರು ಏನನ್ನೂ ಮೊದಲೇ ಕಸ ಅಂತ ಬಿಸಾಡಲಿಲ್ಲ. ಗೀರು, ಒಡಕು, ಪಾಚಿ ತಿಂದ ಗುಳಿ, ಎಲ್ಲವನ್ನೂ ಹಾಗೆಯೇ ಇಟ್ಟರು. ಯಾವುದು ಅಕ್ಷರ ಅನ್ನುವುದನ್ನು ಆಮೇಲೆ ತಿಳಿದವರು ಕೂತು ತೀರ್ಮಾನ ಮಾಡುತ್ತಾರೆ. ನಾನು ಮಾಡಿದ್ದು ತಿರುಗುಮುರುಗು. ತೀರ್ಮಾನ ಮೊದಲೇ ಆಗಿಹೋಗಿತ್ತು, ಅದೂ ಒಂದು ಗುಂಡಿಯ ಕೈಯಲ್ಲಿ.

ಯಾರೂ ಎತ್ತಿಕೊಳ್ಳಲಿಲ್ಲ

ಕಣ್ಣಿಗೆ ಆದದ್ದೇ ಕಿವಿಗೂ ಆಗಿದೆ. 2020ರ ರಾಮನವಮಿ ಏಪ್ರಿಲ್ 2ಕ್ಕೆ ಬಂತು. ಲಾಕ್‌ಡೌನ್ ಶುರುವಾಗಿ ಒಂದು ವಾರ ಆಗಿತ್ತಷ್ಟೆ. ರಾಮಮಂದಿರಕ್ಕೆ ಬೀಗ. ಪಾನಕ, ಕೋಸಂಬರಿ ಅವರವರ ಮನೆಯಲ್ಲೇ. ಭಜನೆ ತಪ್ಪಬಾರದು ಅಂತ ತಮ್ಮ ಎಲ್ಲರನ್ನೂ ವಿಡಿಯೊ ಕಾಲಿಗೆ ಸೇರಿಸಿದ. ದೊಡ್ಡಪ್ಪ ಹಾರ್ಮೋನಿಯಂ ಪೆಟ್ಟಿಗೆಗೆ ಮೊಬೈಲು ಒರಗಿಸಿಕೊಂಡು ಕೂತರು. ಹಣೆಗೆ ನಾಮ, ಹೆಗಲ ಮೇಲೆ ಇಸ್ತ್ರಿ ಮಾಡಿದ ವಲ್ಲಿ. ಪಲ್ಲವಿ ಹಾಡಿ ನಿಲ್ಲಿಸಿದರು. ಮೇಳದವರು ಎತ್ತಿಕೊಳ್ಳಲಿ ಅಂತ.

ಹದಿನಾಲ್ಕು ಮನೆಗಳಿಂದ ಹದಿನಾಲ್ಕು ಹೊತ್ತಿಗೆ ದನಿ ಬಂತು. ಒಬ್ಬರದು ಈಗ, ಇನ್ನೊಬ್ಬರದು ಅರ್ಧ ಸೆಕೆಂಡ್ ಆದ ಮೇಲೆ. ತಾಳ ಅಂತೂ ಬರಲೇ ಇಲ್ಲ. ಇಂಥ ಕಾಲುಗಳಲ್ಲಿ ಮಾತು ಸ್ಪಷ್ಟವಾಗಿ ಕೇಳಲಿ ಅಂತ ಮನುಷ್ಯನ ದನಿ ಬಿಟ್ಟು ಬೇರೆ ಸದ್ದನ್ನೆಲ್ಲ ತಗ್ಗಿಸುವ ಏರ್ಪಾಟು ಇರುತ್ತದೆ. ಫ್ಯಾನಿನ ಸದ್ದು, ಮಿಕ್ಸಿ ಸದ್ದಿನ ಜೊತೆ ಕಂಚಿನ ತಾಳವನ್ನೂ ಅದು ಗಲಾಟೆ ಅಂದುಕೊಂಡಿತು. ಕೊನೆಗೆ ತಮ್ಮ ಎಲ್ಲರ ಮೈಕನ್ನೂ ಬಂದ್ ಮಾಡಿಸಿದ. ದೊಡ್ಡಪ್ಪ ಒಬ್ಬರೇ ಹಾಡಿದರು. ಪರದೆ ಮೇಲೆ ಹದಿಮೂರು ಬಾಯಿಗಳು ಆಡುತ್ತಿದ್ದವು, ಸದ್ದಿಲ್ಲ. ಎರಡು ಪದ ಆದ ಮೇಲೆ ಅವರು ಹಾರ್ಮೋನಿಯಂ ಮುಚ್ಚಿದರು. 'ಯಾರೂ ಎತ್ತಿಕೊಳ್ತಾ ಇಲ್ಲವಲ್ಲಮ್ಮ' ಅಂದರು. ಕೋಪವಿರಲಿಲ್ಲ. ದಾರಿ ತಪ್ಪಿದವರು ಕೇಳುವ ಹಾಗೆ ಕೇಳಿದರು.

ಆ ಕಾಲಿನ ರೆಕಾರ್ಡಿಂಗ್ ಇದೆ. ಅದರಲ್ಲಿ ದೊಡ್ಡಪ್ಪನ ದನಿ ತುಂಬ ಚೆನ್ನಾಗಿ ಬಂದಿದೆ. ಆದರೆ ಅದನ್ನು ಕೇಳಿ ಯಾರಿಗೂ ಭಜನೆ ಅಂದರೆ ಏನು ಅಂತ ಗೊತ್ತಾಗುವುದಿಲ್ಲ.

ಉಳಿದ ಒಂದು ಕ್ಯಾಸೆಟ್

ಇದಕ್ಕಿಂತ ಹಳೆಯದೊಂದಿದೆ. ತೊಂಬತ್ತರ ದಶಕದಲ್ಲಿ ನಮ್ಮ ಚಿಕ್ಕಪ್ಪ ಒಂದು ಟೇಪ್ ರೆಕಾರ್ಡರ್ ತಂದಿದ್ದರು. ಧನುರ್ಮಾಸದ ಭಜನೆ, ಮನೆಯಲ್ಲಿ ಕೂತು ಹಾಡಿದ್ದು, ಎಲ್ಲ ಸೇರಿ ಹನ್ನೊಂದು ಕ್ಯಾಸೆಟ್. ಹದಿನೈದು ವರ್ಷದ ಹಿಂದೆ ಅವನ್ನು ಸಿಡಿ ಮಾಡಿಸಲು ಒಂದು ಅಂಗಡಿಗೆ ಕೊಟ್ಟೆವು. ಅಂಗಡಿಯವರು ಶ್ರದ್ಧೆಯಿಂದಲೇ ಕೆಲಸ ಮಾಡಿಕೊಟ್ಟರು. ಹಾಡು ಹಾಡಾಗಿ ಬೇರೆ ಮಾಡಿ, ನಡುವಿನ ಮಾತು, ಕೆಮ್ಮು, ಹುಂಜದ ಕೂಗು ಎಲ್ಲ ಕತ್ತರಿಸಿ, ಎಂಪಿ3 ಮಾಡಿ ಕೊಟ್ಟರು. ನಾವು ಸಂತೋಷವಾಗಿ ದುಡ್ಡು ಕೊಟ್ಟು ಬಂದೆವು. ಕ್ಯಾಸೆಟ್ಟುಗಳು ಎಲ್ಲಿ ಹೋದವೋ.

ಹತ್ತು ಹೋಗಿ ಒಂದು ಉಳಿದಿತ್ತು. ಟೇಪಿನ ಮೇಲೆ ಬೂಷ್ಟು ಕಟ್ಟಿದೆ ಅಂತ ಅಂಗಡಿಯವರು ಆಗಲೇ ವಾಪಸ್ ಕೊಟ್ಟಿದ್ದರು. ಕಳೆದ ಧನುರ್ಮಾಸದ ಆ ಘಟನೆ ಆದ ಮೇಲೆ ಬೀರು ಹುಡುಕಿ ಅದನ್ನು ತೆಗೆದೆ. ತೊಂಬತ್ತು ನಿಮಿಷದ್ದು, ಒಂದು ಕಡೆ ನಲವತ್ತೈದು. ಪೆನ್ಸಿಲು ಚುಚ್ಚಿ ಕೈಯಲ್ಲೇ ಮುಂದಕ್ಕೆ ಹಿಂದಕ್ಕೆ ಸುತ್ತಿದೆ. ಬಿಳೀ ಬೂಷ್ಟನ್ನು ಒಣಗಿದ ಮೆತ್ತನೆ ಬಟ್ಟೆಯಲ್ಲಿ ಗೇಣು ಗೇಣಾಗಿ ಒರೆಸಿದೆ. ಗೆಳತಿಯ ಮನೆಯಲ್ಲಿ ನಡೆಯುವ ಟೇಪ್ ರೆಕಾರ್ಡರ್ ಇತ್ತು. ಇಯರ್‌ಫೋನ್ ತೂತಿನಿಂದ ವೈರ್ ಎಳೆದು ಕಂಪ್ಯೂಟರಿಗೆ ಕೊಟ್ಟೆ. ಇದರಲ್ಲಿ ಅವಸರ ಆಗುವುದಿಲ್ಲ, ತೊಂಬತ್ತು ನಿಮಿಷಕ್ಕೆ ತೊಂಬತ್ತು ನಿಮಿಷ ಕೂತಿರಬೇಕು. ಈ ಸಲ ಕುಗ್ಗಿಸದ ವೇವ್ ಫೈಲಿನಲ್ಲೇ ಉಳಿಸಿದೆ. ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. ಅದೇ ಎಂಪಿ3 ಆದರೆ ಸಾಮಾನ್ಯವಾಗಿ 60ರೊಳಗೆ ಮುಗಿಯುತ್ತದೆ, ಆದರೆ ಹಾಗೆ ಕುಗ್ಗಿಸಿದಾಗ ತಾಳದ ನಾದ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ.

ಮೊದಲ ಕಡೆ ಏನೂ ವಿಶೇಷ ಇಲ್ಲ. ಎರಡನೇ ಕಡೆ ಭಜನೆಯೇ ಅಲ್ಲ. ಬೆಳಿಗ್ಗೆ ಹೊತ್ತು ಇರಬೇಕು, ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿರುವ ಸದ್ದು ಕೇಳುತ್ತದೆ. ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ರೇಷ್ಮೆ ಹುಳ ಸಣ್ಣ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತದಲ್ಲ, ಅದೂ ಕೇಳಿದ ಹಾಗೆ ಅನ್ನಿಸಿತು, ಟೇಪಿನದೇ ಸರಸರವೋ ಏನೋ. ದೊಡ್ಡಪ್ಪ ಕೆಲಸ ಮಾಡಿಕೊಂಡೇ ಒಬ್ಬ ಹುಡುಗನಿಗೆ ಪದ ಹೇಳಿಕೊಡುತ್ತಿದ್ದಾರೆ. ಒಂದು ಸಾಲು ಹೇಳುತ್ತಾರೆ. ಹುಡುಗ ಹೇಳುತ್ತಾನೆ. 'ಕಾದುರಾ' ಅನ್ನುತ್ತಾರೆ. ಅಲ್ಲ ಕಣೋ ಅಂತ. ಮತ್ತೆ ಹೇಳುತ್ತಾರೆ. ಹುಡುಗ ಮತ್ತೆ ತಪ್ಪುತ್ತಾನೆ. ಕಾದುರಾ. ಎಂಟು ಸಲ ಎಣಿಸಿದೆ. ಒಂಬತ್ತನೆಯ ಸಲ ಹುಡುಗನಿಗೆ ಬರುತ್ತದೆ. ದೊಡ್ಡಪ್ಪ ಭೇಷ್ ಅನ್ನುವುದಿಲ್ಲ, ಏನೂ ಅನ್ನುವುದಿಲ್ಲ. ಮುಂದಿನ ಸಾಲು ಹೇಳುತ್ತಾರೆ, ಅಷ್ಟೆ.

ನಲವತ್ತೈದು ನಿಮಿಷದಲ್ಲಿ ಒಂದೇ ಪದ. ಅದೂ ಪೂರ್ತಿ ಇಲ್ಲ. ಆದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರ ಎಳೆಯಬೇಕು, ಯಾವ ಚ ತ್ಸ ಆಗಬೇಕು, ತಾಳಕ್ಕೆ ಎಲ್ಲಿ ಜಾಗ ಬಿಡಬೇಕು, ಎಲ್ಲ ಅದರಲ್ಲಿದೆ. ಪೆನ್ಸಿಲ್ಲಿನಲ್ಲಿ ಬರೆದಿದ್ದೆಲ್ಲ ಬಾಯಲ್ಲಿ ಕೇಳಿಸುತ್ತದೆ. ನಮ್ಮ ಸಿಡಿಯಲ್ಲಿರುವ ಅಷ್ಟೂ ಹಾಡುಗಳಿಂದ ಒಬ್ಬ ಹುಡುಗ ಕಲಿಯಲಾರ. ಈ ಒಂದು ಕಡೆಯಿಂದ ಕಲಿಯಬಲ್ಲ. ತಮ್ಮನ ಮಗಳು ಮೂರು ದಿನದಲ್ಲಿ ಕಲಿತಳು.

ಇದನ್ನೇ ನಾನು ಹೇಳಬೇಕು ಅಂತಿರುವುದು. ನಾವು ಹಾಡಿದ್ದನ್ನು ರೆಕಾರ್ಡ್ ಮಾಡುತ್ತಿದ್ದೇವೆ, ಕಲಿಸುವುದನ್ನು ಮಾಡುತ್ತಿಲ್ಲ. ಜಾತ್ರೆಯಲ್ಲಿ, ಕರಗದಲ್ಲಿ, ಉತ್ಸವದಲ್ಲಿ ನೂರು ಮೊಬೈಲು ಮೇಲೇಳುತ್ತವೆ. ತಪ್ಪಲ್ಲ, ಅದೂ ಇರಲಿ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ಅವರು ಬಾರಿಸುವ ವಿಡಿಯೊಗಳನ್ನು ನಾವೆಲ್ಲ ಹಂಚಿಕೊಂಡೆವು, ಹೆಮ್ಮೆಪಟ್ಟೆವು. ನನಗೆ ಅದರ ಜೊತೆಗೆ ನೋಡಬೇಕು ಅನ್ನಿಸುವುದು ಬೇರೆ. ತಮಟೆಯನ್ನು ಬೆಂಕಿಗೆ ಎಷ್ಟು ದೂರ ಹಿಡಿದು ಕಾಯಿಸಬೇಕು, ಕಾದದ್ದು ಸಾಕು ಅಂತ ಬೆರಳಿಗೆ ಹೇಗೆ ಗೊತ್ತಾಗುತ್ತದೆ, ಹೊಸ ಹುಡುಗನ ಕೈ ಎಲ್ಲಿ ತಪ್ಪುತ್ತದೆ, ಹಿರಿಯರು ಅದನ್ನು ಹೇಗೆ ತಿದ್ದುತ್ತಾರೆ. ಪೂಜೆ ಪುನಸ್ಕಾರಕ್ಕೂ ಇದೇ ಮಾತು. ಮಂಗಳಾರತಿಯ ವಿಡಿಯೊ ಎಲ್ಲರ ಹತ್ತಿರ ಇದೆ. ಮಗನಿಗೆ ನೈವೇದ್ಯದ ಎಲೆ ಇಡುವ ಬಗೆ ಹೇಳಿಕೊಡುವ ತಾಯಿಯ ವಿಡಿಯೊ ಯಾರ ಹತ್ತಿರ ಇದೆ? ಅದು ಕಾರ್ಯಕ್ರಮ ಅಂತ ನಮಗೆ ಅನ್ನಿಸುವುದೇ ಇಲ್ಲ.

ಎಲ್ಲವನ್ನೂ ಹಿಡಿಯಬೇಕು ಅಂತಲೂ ಅಲ್ಲ. ಸಾವಿನ ಮನೆಯ ಭಜನೆ ಇದೆಯಲ್ಲ, ರಾತ್ರಿಯೆಲ್ಲ ಹೆಣದ ಪಕ್ಕ ಕೂತು ತತ್ವಪದ ಹಾಡುವುದು, ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದ್ದನ್ನು ನೋಡಿದೆ. ಅಳುತ್ತಿದ್ದ ಹೆಣ್ಣುಮಕ್ಕಳ ಮುಖವೂ ಅದರಲ್ಲಿತ್ತು. ಆ ಪದಗಳನ್ನು ಕಲಿಯಲೇಬೇಕು. ಕಲಿಯುವುದಾದರೆ ಬೇರೆ ದಿನ, ಬೇರೆ ಕಡೆ, ಹಾಡುವವರನ್ನು ಕೇಳಿ ಕಲಿಯಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹಿತಕಿದ ಬೇಳೆ

ಚುಕ್ಕೆಗೆ ವಾಪಸ್ ಬರುತ್ತೇನೆ. ಕಂಪ್ಯೂಟರಿನಲ್ಲಿ ತೆಲುಗಿಗೂ ಕನ್ನಡಕ್ಕೂ ಅಕ್ಕಪಕ್ಕದಲ್ಲೇ ಮನೆ ಕೊಟ್ಟಿದ್ದಾರೆ. ಅಕ್ಷರಗಳಿಗೆಲ್ಲ ಒಂದೊಂದು ನಂಬರು ಕೊಟ್ಟಿರುವ ಯೂನಿಕೋಡ್ ಪಟ್ಟಿಯಲ್ಲಿ ಒಂದೊಂದು ಲಿಪಿಗೂ 128 ಜಾಗ, ತೆಲುಗು ಮುಗಿದ ಕೂಡಲೇ ಕನ್ನಡ. ಅಕ್ಷರಗಳ ಸಾಲೂ ಒಂದೇ ಥರ, ಹಾಗಾಗಿ ಒಂದು ಲಿಪಿಯಿಂದ ಇನ್ನೊಂದಕ್ಕೆ ಸುಲಭವಾಗಿ ಬದಲಿಸಬಹುದು. ತ್ಸ ಗೆ ತೆಲುಗಿನ ಕಡೆ 2008ರಲ್ಲಿ ಒಂದು ಬೇರೆ ಅಕ್ಷರವನ್ನೇ ಸೇರಿಸಿದರು. ಕನ್ನಡದ ಕಡೆ ಆ ಜಾಗ ಖಾಲಿ. ಆದರೆ ನುಕ್ತ ಅಂತ ಒಂದು ಗುರುತಿದೆ, ಅಕ್ಷರದ ಕೆಳಗೆ ಚುಕ್ಕೆ ಇಡುವುದಕ್ಕೆ. ಅದನ್ನು ಸೇರಿಸಿದರೆ ಚ಼ ಆಗುತ್ತದೆ. ದೊಡ್ಡಪ್ಪ ಪೆನ್ಸಿಲ್ಲಿನಲ್ಲಿ ಇಟ್ಟಿದ್ದು ಇದೇ. ಅದನ್ನು ಮೊದಲ ಸಲ ಟೈಪ್ ಮಾಡಿ ಪರದೆ ಮೇಲೆ ನೋಡಿದಾಗ ಕಣ್ಣು ತುಂಬಿ ಬಂತು.

ಗೆದ್ದಲು ಬಿಟ್ಟ ಪುಟಗಳನ್ನು ಈಗ ಕಲರಿನಲ್ಲಿ, ಅಂಚು ಕತ್ತರಿಸದೆ, ಕಿಟಕಿ ಪಕ್ಕದ ಓರೆ ಬೆಳಕಿನಲ್ಲಿ ಮತ್ತೆ ಹಿಡಿದಿದ್ದೇನೆ. ಚುಕ್ಕೆ ಎಲ್ಲಿದೆಯೋ ಅಲ್ಲಿ ಚುಕ್ಕೆ ಹಾಕಿದೆ. ಗೆದ್ದಲು ತಿಂದ ಪುಟಗಳ ಮಾತು ಹಳೆಯ ಸ್ಕ್ಯಾನಿನಲ್ಲಿದೆ, ಗುರುತುಗಳಿಲ್ಲ. ಅವು ಇರುವುದು ಒಂದೇ ಕಡೆ. ದೊಡ್ಡಮ್ಮನ ಕಿವಿಯಲ್ಲಿ.

ದೊಡ್ಡಮ್ಮನಿಗೆ ಓದು ಬರುವುದಿಲ್ಲ. ಭಜನೆ ಮನೆಯೊಳಗೆ ಕೂತು ಅವರು ಒಂದು ಸಾಲೂ ಹಾಡಿದವರಲ್ಲ. ಆಗ ಹೆಂಗಸರು ಅಲ್ಲಿ ಕೂರುತ್ತಿರಲಿಲ್ಲ. ಬೆಳಗಿನ ಜಾವ ಪೊಂಗಲ್ಲಿಗೆ ಒಲೆ ಹಚ್ಚಿ ಹೊರಗೆ ಕೂತಿರುತ್ತಿದ್ದರು. ಐವತ್ತು ಧನುರ್ಮಾಸ ಹಾಗೆಯೇ ಕೇಳಿದ್ದಾರೆ. ಪುಸ್ತಕ ಬರೆದವರಿಗಿಂತ ಜಾಸ್ತಿ ಅವರಿಗೆ ಗೊತ್ತಿದೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ಈ ಸಲ ಅವರೆಕಾಯಿ ಕಾಲಕ್ಕೆ ಹೋದಾಗ ಅವರು ಹಿತ್ತಲಲ್ಲಿ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಕೂತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾನೂ ಕೂತೆ. ಮೊಬೈಲನ್ನು ಮರದ ಮಣೆ ಮೇಲೆ ಇಟ್ಟೆ, ರೆಕಾರ್ಡ್ ಒತ್ತಿದೆ, ಆಮೇಲೆ ಮುಟ್ಟಲಿಲ್ಲ. ಸ್ಕ್ಯಾನಿನಿಂದ ಒಂದೊಂದು ಸಾಲು ಓದಿದೆ. ಅವರು ಒತ್ತುತ್ತಾ ಒತ್ತುತ್ತಾ ತಿದ್ದಿದರು. ಕೆಲವು ಸಾಲಿಗೆ ಸುಮ್ನೆ ತಲೆಯಾಡಿಸಿದರು. ಕೆಲವಕ್ಕೆ ಕೈ ನಿಲ್ಲಿಸಿ ಹಾಡಿಯೇ ತೋರಿಸಿದರು. ಹಾಡುವಾಗ ದನಿ ತಗ್ಗಿಸಿದರು, ಹಿತ್ತಲ ಬಾಗಿಲ ಕಡೆ ಒಂದು ಸಲ ನೋಡಿದರು. ಎಪ್ಪತ್ತೆಂಟು ವರ್ಷದ ಮೇಲೂ.

ಒಂದು ಪದದ ಎರಡನೇ ಚರಣದಲ್ಲಿ ಪುಸ್ತಕದ ಮಾತೇ ಬೇರೆ, ಅವರು ಹಾಡಿದ ಮಾತೇ ಬೇರೆ ಬಂತು. ಎರಡೂ ತಾಳಕ್ಕೆ ಕೂರುತ್ತವೆ, ಎರಡಕ್ಕೂ ಅರ್ಥ ಇದೆ. 'ಯಾವುದು ಸರಿ ದೊಡ್ಡಮ್ಮ?' ಅಂದೆ. ಅವರು ಒಂದು ಹಿಡಿ ಕಾಳು ಬೋಗುಣಿಯಿಂದ ತೆಗೆದು ನೀರು ಸೋಸಿದರು. 'ಆಯನ ರಾಸಿಂದಿ ಅದಿ. ನೇನು ವಿನಿಂದಿ ಇದಿ' ಅಂದರು. ಅವರು ಬರೆದದ್ದು ಅದು, ನಾನು ಕೇಳಿದ್ದು ಇದು.

ಎರಡನ್ನೂ ಟೈಪ್ ಮಾಡಿದ್ದೇನೆ, ಒಂದರ ಕೆಳಗೆ ಒಂದು. ಯಾರದು ಯಾವುದು ಅಂತ ಅಂಚಿನಲ್ಲಿ ಹೆಸರು ಹಾಕಿದ್ದೇನೆ. ಆ ದಿನದ ಫೈಲು ಎರಡು ಗಂಟೆ ಹತ್ತು ನಿಮಿಷ ಇದೆ. ಬೇಳೆ ತಟ್ಟೆಗೆ ಬೀಳುವ ಸದ್ದು ಮೊದಲಿನಿಂದ ಕೊನೆಯವರೆಗೆ ಇದೆ. ಅದನ್ನು ತೆಗೆದಿಲ್ಲ. ಹನ್ನೆರಡು ಪದ ಮುಗಿದಿವೆ, ಇನ್ನು ಇಪ್ಪತ್ತಾರು ಉಳಿದಿವೆ. ಬರುವ ಭಾನುವಾರ ಕಾಳು ನೆನೆಸಿಡುತ್ತೇನೆ ಅಂತ ದೊಡ್ಡಮ್ಮ ಫೋನ್ ಮಾಡಿ ಹೇಳಿದ್ದಾರೆ.